ಇಪ್ಪತ್ತು ಮಂದಿಯ ಹರಿಗೋಲು

ಹತ್ತಿರ ಬಂದು ಕೂತ್ಕೊಳ್ಳಿ ಮಕ್ಕಳೇ. ಹೊಳೆಯ ಎರಡೂ ದಂಡೆಗೆ ಹರಡಿದ್ದ ಒಂದು ರಾಜ್ಯ. ಅಲ್ಲಿ ಮಲ್ಲಭೂಪ ಅನ್ನೋ ರಾಜ. ಹೊಳೆಗೆ ಸೇತುವೆ ಇರಲಿಲ್ಲ. ಬಿದಿರು ಹೆಣೆದು ತೊಗಲು ಹೊದಿಸಿದ ಹರಿಗೋಲಿನಲ್ಲೇ ಜನ ದಾಟಬೇಕು. ಒಂದು ಮಳೆಗಾಲದಲ್ಲಿ ಹಳೇ ಹರಿಗೋಲು ಹರಿದು ಮೂವರು ನೀರುಪಾಲಾದರು.

ರಾಜ ಬಿದಿರು ಹೆಣೆಯುವ ಇಬ್ಬರನ್ನು ಕರೆಸಿದ. ಒಬ್ಬಳು ಕೆಂಚವ್ವ, ಇನ್ನೊಬ್ಬ ಅಚ್ಚಪ್ಪ.

"ಹೊಸದು ಬೇಕು. ಇಪ್ಪತ್ತು ಮಂದಿ ಹಿಡಿಸಬೇಕು. ಒಬ್ಬನೇ ಹೊರುವಷ್ಟು ಹಗುರ ಇರಬೇಕು. ಹತ್ತು ವರ್ಷ ಬಾಳಬೇಕು. ಚೆನ್ನಾಗಿ ಮಾಡಿದವರೇ ಆಸ್ಥಾನದ ಕುಶಲಕರ್ಮಿ."

ಕೆಂಚವ್ವ ಕೈಮುಗಿದಳು. "ಬುದ್ಧೀ, ಮೂರೂ ಒಟ್ಟಿಗೆ ಆಗೋದಿಲ್ಲ. ದೊಡ್ಡದೂ ಗಟ್ಟಿಯೂ ಆದರೆ ಭಾರ. ದೊಡ್ಡದೂ ಹಗುರವೂ ಆದರೆ ಹರಿಯುತ್ತೆ. ಒಂದನ್ನು ಬಿಡಲೇಬೇಕು."

ಅಚ್ಚಪ್ಪ ನಕ್ಕ. "ಇದು ಕೈಲಾಗದವರ ಮಾತು ದೊರೆಗಳೇ. ಮೂರನ್ನೂ ನಾನು ಕೊಡ್ತೀನಿ."

ಕೆಂಚವ್ವ ಬಿದಿರು ಸೀಳುವ ಮೊದಲು ಹೊಳೆದಂಡೆಗೆ ಹೋದಳು. ಮೂರರಲ್ಲಿ ಯಾವುದನ್ನು ಬಿಡಬಹುದು ಅಂತ ದಿನಾ ದಾಟುವವರನ್ನು ಕೇಳಿದಳು.

ಮಜ್ಜಿಗೆ ಮಾರುವವಳು ಅಂದಳು, "ಚಿಕ್ಕದಾದ್ರೆ ಸರದಿ ಕಾಯ್ತೀನಿ ಕಣಕ್ಕಾ. ಮುಳುಗೋದು ಬೇಡ."

ಕುರುಬ ಅಂದ, "ಕುರಿ ಗೊರಸಿಗೆ ತಳ ತೂತಾಗಬಾರದು."

ಅಂಬಿಗರ ದುರುಗಜ್ಜ ಅಂದ, "ಸೆಳವು ಕೆಳಕ್ಕೆ ಎಳೀತದೆ ಮಗಳೇ. ಪ್ರತಿ ಸಲ ಹರಿಗೋಲು ಹೊತ್ತು ದಂಡೆಗುಂಟ ಮೇಲಕ್ಕೆ ನಡೀಬೇಕು. ಭಾರ ಆದ್ರೆ ನನ್ನ ಕತ್ತು ಹೋಯ್ತು."

ಕೆಂಚವ್ವ ಎಂಟೇ ಮಂದಿಯ ಹರಿಗೋಲು ಹೆಣೆದಳು. ಹಗುರ, ಗಟ್ಟಿ, ಆದರೆ ಚಿಕ್ಕದು.

ತಿಂಗಳಾಯಿತು. ಅಚ್ಚಪ್ಪನ ಹರಿಗೋಲು ಅರಮನೆಯ ಅಂಗಳಕ್ಕೆ ಬಂತು. ಅವನೊಬ್ಬನೇ ಹೊತ್ತು ತಂದ. ಇಪ್ಪತ್ತು ಭಟರು ಅದರಲ್ಲಿ ಕೂತರು. ರಾಜ ಹಿಗ್ಗಿದ.

ಕೆಂಚವ್ವ ಅಂದಳು, "ಚೆಂದ ಇದೆ ಬುದ್ಧೀ. ಆದರೆ ಅಂಗಳದಲ್ಲಿ ನೀರಿಲ್ಲವಲ್ಲ. ಹೊಳೆಗೆ ಇಳಿಸೋಣ. ಮಾಡಿದವನ ಮನೆಯವರೇ ಮೊದಲು ದಾಟಲಿ, ಅವರಿಗೇ ಆ ಗೌರವ."

ರಾಜ ಒಪ್ಪಿದ. ಎಲ್ಲರೂ ಹೊಳೆಗೆ ಹೋದರು. ಅಚ್ಚಪ್ಪನ ಮುದಿತಾಯಿ ಸೆರಗು ಬಿಗಿದು ಮುಂದೆ ಬಂದಳು. "ನನ್ನ ಮಗ ಮಾಡಿದ್ದು. ನಾನೇ ಮೊದಲು ಕೂರ್ತೀನಿ."

ಅವಳು ಕಾಲು ಎತ್ತಿದ್ದೇ ತಡ, ಅಚ್ಚಪ್ಪ ಓಡಿಬಂದು ಕೈ ಹಿಡಿದ. "ಬೇಡ ಅವ್ವಾ!"

"ಯಾಕೋ?"

"ಬಿದಿರು ತೆಳ್ಳಗೆ ಸೀಳಿದ್ದೀನಿ. ತೊಗಲು ಒಂದೇ ಪದರ. ನಡುನೀರಿಗೆ ಹೋದ್ರೆ ತಡೆಯೋದಿಲ್ಲ."

ತಾಯಿ ಅವನನ್ನೇ ನೋಡಿದಳು. "ಹಾಗಾದ್ರೆ ಬೇರೆಯವರ ಅವ್ವಂದಿರನ್ನ ಕೂರಿಸೋಕೆ ಮಾಡಿದ್ದೇನೋ?"

ಅಚ್ಚಪ್ಪ ಹರಿಗೋಲನ್ನು ದಂಡೆಗೆ ಎಳೆದ. ರಾಜ ತಲೆ ತಗ್ಗಿಸಿದ. "ಮೂರೂ ಬೇಕು ಅಂತ ಹಟ ಮಾಡಿದ್ದು ನಾನು. ಇವನಿಗೆ ಸುಳ್ಳಿನ ದಾರಿ ತೋರಿಸಿದ್ದೂ ನಾನೇ" ಅಂದ. ಕೆಂಚವ್ವನನ್ನು ಆಸ್ಥಾನಕ್ಕೆ ಸೇರಿಸಿಕೊಂಡ. ಅಚ್ಚಪ್ಪನನ್ನು ಅವಳ ಕೈಕೆಳಗೆ ಕೆಲಸಕ್ಕೆ ಹಾಕಿದ.

ಅಂದಿನಿಂದ ಕೆಂಚವ್ವನ ಎಂಟು ಮಂದಿಯ ಹರಿಗೋಲೇ ಹೊಳೆಯಲ್ಲಿ ಓಡಾಡಿತು. ಜನ ದಂಡೆಯಲ್ಲಿ ಸರದಿ ಕಾಯಬೇಕಾಯಿತು. ಕೆಲವರು ಗೊಣಗಿದರು. ಆದರೆ ದಾಟಿದವರೆಲ್ಲ ಮನೆ ಸೇರಿದರು.

ಇಷ್ಟು ತಿಳಿದುಕೊಳ್ಳಿ ಮಕ್ಕಳೇ: ಒಂದು ವಸ್ತುವಿಗೆ ಎಲ್ಲ ಗುಣವನ್ನೂ ತುಂಬೋಕಾಗೋದಿಲ್ಲ. ಯಾವುದನ್ನು ಬಿಡಬೇಕು ಅನ್ನೋದನ್ನು ಅದನ್ನು ಬಳಸುವವರನ್ನು ಕೇಳಿ ತಿಳಿಯಬೇಕು. ಬಿಟ್ಟದ್ದನ್ನು ಮುಚ್ಚಿಡದೆ ಹೇಳಬೇಕು.