ಹನ್ನೊಂದನೆಯ ಚೀಟಿ

"ಗುರುಗಳೇ, ಸಾಲುಗಳಿಗೆ ಸಂಖ್ಯೆ ಕೊಡು ಎಂದರೆ ಡೇಟಾಬೇಸ್ ಕೊಡುತ್ತದೆ. ಯಾವ ಕ್ರಮದಲ್ಲಿ ಎಂದು ನಾನು ಬರೆಯುವುದಿಲ್ಲ. ಆದರೂ ಇದುವರೆಗೆ ಸರಿಯಾಗಿಯೇ ಬಂದಿದೆ. ಆ ಒಂದು ಮಾತನ್ನು ಪ್ರತಿ ಸಲವೂ ಬರೆಯಲೇಬೇಕೇ?" ಎಂದು ಶಿಷ್ಯೆ ಕಾತ್ಯಾಯಿನಿ ಕೇಳಿದಳು.

ಗುರು ಹೇಳಿದರು:

ಒಂದು ಹೊಳೆಗೆ ಪ್ರವಾಹ ಬಂತು. ನಡುಗಡ್ಡೆಯ ಊರಿನಲ್ಲಿ ನಲವತ್ತು ಜನ ಉಳಿದಿದ್ದರು. ಎಲ್ಲರೂ ಶಾಲೆಯಲ್ಲಿ ಸೇರಿದರು. ಇದ್ದದ್ದು ಒಂದೇ ದೋಣಿ. ಅದರಲ್ಲಿ ಹತ್ತು ಜನರಿಗಷ್ಟೇ ಜಾಗ, ಹೋಗಿ ಬರಲು ಒಂದು ಗಂಟೆ. ಪಂಚಾಯಿತಿಯ ದಾಖಲೆಗಾರ ಎಲ್ಲರ ಹೆಸರನ್ನೂ ಲ್ಯಾಪ್‌ಟಾಪಿನ ಡೇಟಾಬೇಸಿಗೆ ಸೇರಿಸಿದ. ತನ್ನ ಹೆಸರನ್ನು ಎಲ್ಲರಿಗಿಂತ ಕೊನೆಗೆ ಬರೆದ. ಯಂತ್ರ ಕೊಟ್ಟ ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದು ಹಂಚಿದ. ಮೊದಲ ಹತ್ತು ಜನ ದಾಟಿದರು.

ಹನ್ನೊಂದನೆಯ ಚೀಟಿ ಒಬ್ಬ ಬಸುರಿಯದು. ಅವಳಿಗೆ ದಿನ ತುಂಬಿದೆ ಎಂದು ಯಾರೋ ಹೇಳಿದರು. ದಾಖಲೆಗಾರ ಕನಿಕರಪಟ್ಟು ಅದನ್ನು ಡೇಟಾಬೇಸಿನಲ್ಲಿ ಅವಳ ಹೆಸರಿನ ಸಾಲಿಗೆ ಸೇರಿಸಿದ. ದೋಣಿ ಮರಳಿತು. ದಾಖಲೆಗಾರ ಪಟ್ಟಿಯನ್ನು ಯಂತ್ರದಿಂದ ಮತ್ತೊಮ್ಮೆ ತೆಗೆದು ಓದಿದ. ಬಸುರಿಯ ಸಂಖ್ಯೆ ನಲವತ್ತು ಎಂದು ಬಂತು. ಇಪ್ಪತ್ತೊಂದನೆಯವನು ಇಪ್ಪತ್ತನೆಯವನಾಗಿ ದೋಣಿ ಹತ್ತಲು ಬಂದ. ಅವನು ಪಂಚಾಯಿತಿ ಅಧ್ಯಕ್ಷರ ಭಾವಮೈದುನ.

ಬಸುರಿಯ ಗಂಡ ದೋಣಿಯ ಹಗ್ಗ ಹಿಡಿದ. "ಆಗ ಹನ್ನೊಂದು, ಈಗ ನಲವತ್ತೇ? ಯಾರ ಮಾತು ಕೇಳಿ ಬದಲಿಸಿದೆ? ಹೇಳುವ ತನಕ ದೋಣಿ ಬಿಡುವುದಿಲ್ಲ" ಎಂದ. ಹತ್ತಾರು ಕೈಗಳು ಹಗ್ಗಕ್ಕೆ ಬಿದ್ದವು.

ಅಧ್ಯಕ್ಷರ ಮುಖ ಕಪ್ಪಿಟ್ಟಿತು. "ಯಂತ್ರಕ್ಕೆ ಕೇಳಿದ ಪ್ರಶ್ನೆಯೆಲ್ಲ ಲಾಗ್‌ನಲ್ಲಿ ದಾಖಲಾಗುತ್ತದೆ ಎನ್ನುತ್ತಿದ್ದೆಯಲ್ಲ, ಎಲ್ಲರಿಗೂ ತೋರಿಸು" ಎಂದರು.

ದಾಖಲೆಗಾರ ಲಾಗ್ ತೆರೆದ. ಅದು ಖಾಲಿಯಿತ್ತು.

"ಅಳಿಸಿದ್ದಾನೆ!" ಎಂದು ಜನ ಕೂಗಿದರು. ಒಬ್ಬ ಅವನ ಕೊರಳಪಟ್ಟಿ ಹಿಡಿದ. ನೀರು ಶಾಲೆಯ ಮೊದಲ ಮೆಟ್ಟಿಲಿಗೆ ಬಂತು.

"ಯಪ್ಪಾ, ನಿಮ್ಮ ಜಗಳ ಮುಗಿಯೂ ತನಕ ಹೊಳಿ ಕಾಯೂದಿಲ್ಲ" ಎಂದ ಅಂಬಿಗ. ಯಾರೂ ಕೇಳಲಿಲ್ಲ.

ನೀರು ಎರಡನೆಯ ಮೆಟ್ಟಿಲಿಗೆ ಬಂದಾಗ ದಾಖಲೆಗಾರನಿಗೆ ಕಾರಣ ಹೊಳೆಯಿತು. ಪ್ರಶ್ನೆಗಳನ್ನು ದಾಖಲಿಸು ಎಂದು ಅವನು ಸೆಟ್ಟಿಂಗ್ ಕಡತದಲ್ಲಿ ಬರೆದಿದ್ದ. ಅದನ್ನು ಮತ್ತೆ ಓದಿಕೋ ಎಂದು ಓಡುತ್ತಿದ್ದ ಡೇಟಾಬೇಸಿಗೆ ಹೇಳಿರಲಿಲ್ಲ. ಈಗ ಹೇಳಿದ. ಅಧ್ಯಕ್ಷರ ಎದುರೇ ಪಟ್ಟಿ ಕೇಳಿದ. ಇನ್ನೊಬ್ಬರ ಹೆಸರಿನಲ್ಲಿ ಒಂದಕ್ಷರ ತಿದ್ದಿ ಮತ್ತೆ ಕೇಳಿದ. ಲಾಗ್‌ನಲ್ಲಿ ಎರಡು ಪ್ರಶ್ನೆಗಳು ಮೂಡಿದವು. ಎರಡೂ ಅಕ್ಷರಶಃ ಒಂದೇ. ಆದರೆ ತಿದ್ದಿದ ಹೆಸರು ಪಟ್ಟಿಯ ಕೊನೆಗೆ ಹೋಗಿತ್ತು.

ಅವನು ತನ್ನ ಪ್ರಶ್ನೆಯನ್ನು ನಿಧಾನವಾಗಿ ಓದಿದ. ಸಂಖ್ಯೆ ಕೊಡು ಎಂದಿತ್ತು. ಯಾವ ಕ್ರಮದಲ್ಲಿ ಎಂದಿರಲಿಲ್ಲ. ಯಂತ್ರ ತನಗೆ ಸಿಕ್ಕಿದ ಹಾಗೆ ಎಣಿಸಿತ್ತು. ತಿದ್ದಿದ ಸಾಲು ಅದಕ್ಕೆ ಕೊನೆಯಲ್ಲಿ ಸಿಕ್ಕಿತ್ತು. ಯಾರೂ ಮೋಸ ಮಾಡಿರಲಿಲ್ಲ.

"ತಪ್ಪು ನನ್ನದೇ" ಎಂದ. ದಿನ ತುಂಬಿದವರು, ಕಾಯಿಲೆಯವರು ಮೊದಲು, ಉಳಿದವರು ಹೆಸರು ಬರೆಸಿದ ಕ್ರಮದಲ್ಲಿ ಎಂದು ಪ್ರಶ್ನೆಗೆ ಸೇರಿಸಿದ. ಬಸುರಿಯ ಹೆಸರು ಮೇಲೆ ಬಂತು. ಗಂಡ ಹಗ್ಗ ಬಿಟ್ಟ. ಅವಳು ದಾಟಿದಳು. ಆಚೆ ದಡದಲ್ಲಿ ಹೆತ್ತಳು. ಮೂರನೆಯ ಸುತ್ತಿನವರೂ ದಾಟಿದರು. ಅಷ್ಟರಲ್ಲಿ ಸೆಳೆತ ಹೆಚ್ಚಿತು. ಅಂಬಿಗನಿಗೆ ದೋಣಿಯನ್ನು ಮತ್ತೆ ನೀರಿಗಿಳಿಸಲಾಗಲಿಲ್ಲ. ದಾಖಲೆಗಾರನೂ ಸೇರಿ ಹತ್ತು ಜನ ಶಾಲೆಯಲ್ಲೇ ಉಳಿದರು. ಮರುದಿನ ಶಾಲೆಯಿದ್ದ ಕಡೆ ನೀರಷ್ಟೇ ಕಾಣುತ್ತಿತ್ತು.

ಗುರು ಕಥೆ ಮುಗಿಸಿದರು.

"ತಪ್ಪು ಸಿಕ್ಕಿತ್ತಲ್ಲ, ಗುರುಗಳೇ? ತಡವಾದದ್ದು ಒಂದೇ ಗಂಟೆ" ಎಂದಳು ಕಾತ್ಯಾಯಿನಿ.

"ಒಂದು ಗಂಟೆ ಎಂದರೆ ಹತ್ತು ಜನ, ಮಗಳೇ" ಎಂದರು ಗುರು.