ಕಾಡನ್ನು ತೂಗಿದ ಪಾಲಕ್ಕ

ಕಲ್ಲುಗಳು ಇನ್ನೂ ಮಾತು ಮರೆಯದಿದ್ದ ಕಾಲದಲ್ಲಿ, ಒಂದಾನೊಂದು ಊರಿನಲ್ಲಿ ಗುಂಜಿರಾಯ ಅಂತ ಒಬ್ಬ ದೊರೆ ಇದ್ದ. ಅವನಿಗೆ ತೂಕದ ಹುಚ್ಚು. ಉಣ್ಣುವ ಮೊದಲು ಮುದ್ದೆ ತೂಗಿಸುತ್ತಿದ್ದ, ಉಂಡ ಮೇಲೆ ತನ್ನನ್ನು ತೂಗಿಸುತ್ತಿದ್ದ. ಎರಡೂ ತಾಳೆಯಾಗದಿದ್ದರೆ, "ತೇಗಿನಲ್ಲಿ ಹೋಗಿದೆ, ಹಿಡಿದು ತೂಗಿ" ಅನ್ನುತ್ತಿದ್ದ.

ಅರಮನೆಯಲ್ಲಿ ತೂಗುವ ಕೆಲಸ ಪಾಲಕ್ಕನದು. ನಲವತ್ತು ವರ್ಷದಿಂದ ಅವಳು ತಕ್ಕಡಿ ಹಿಡಿದು ನಿಂತಿದ್ದಳು. ಆನೆಯನ್ನು ತೂಗಿದ್ದಳು, ಆನೆಯ ನೆರಳನ್ನೂ ತೂಗಿದ್ದಳು. ರಾಣಿಯ ಮುನಿಸು ಮೂರು ಸೇರು. ಮಂತ್ರಿಯ ಮೌನ ಅರ್ಧ ಮಣ.

ಒಂದು ದಿನ ತೂಗುವುದಕ್ಕೆ ಏನೂ ಉಳಿಯಲಿಲ್ಲ. ದೊರೆಗೆ ಊಟ ಸೇರಲಿಲ್ಲ. ಕಿಟಕಿಯಾಚೆ ನೋಡಿದ. ದೂರದಲ್ಲಿ ಕೆಂಜಡೆ ಕಾಡು ಕಾಣಿಸಿತು.

"ಪಾಲಕ್ಕ, ಆ ಕಾಡಿನಲ್ಲಿ ಏನೇನಿದೆ?"

"ಕಾರೆಗಿಡ ಇದೆ ಒಡೆಯಾ. ಕರಡಿ ಇದೆ."

"ಅದು ಮೇಲಿನದು. ನಾನು ಕೇಳಿದ್ದು ಅಡಿಯದು. ಕಬ್ಬಿಣ ಎಷ್ಟು, ಕಲ್ಲಿದ್ದಲು ಎಷ್ಟು, ಗಾಳಿಯಲ್ಲಿ ಬಲ ಎಷ್ಟು, ತೂಗಿ ಬಂದು ಹೇಳು. ಆಮೇಲೆ ಅಷ್ಟನ್ನೂ ಅಗೆದು ತಂದು ಅಂಗಳದಲ್ಲಿ ಇಟ್ಟುಕೊಳ್ಳೋಣ."

ಪಾಲಕ್ಕ ಕಿಟಕಿಯತ್ತ ತಿರುಗಿ ನೋಡಿದಳು. ಅವಳು ಹುಟ್ಟಿ ಬೆಳೆದದ್ದು ಆ ಕಾಡಿನ ಅಂಚಿನಲ್ಲೇ. ಅವಳ ಅವ್ವ ಅಲ್ಲಿ ಆಡು ಕಾಯುತ್ತಿದ್ದಳು. ಆದರೆ ದೊರೆಯ ಮಾತು, ಇಲ್ಲವೆನ್ನುವಂತಿಲ್ಲ. ತಕ್ಕಡಿ ಹೆಗಲಿಗೇರಿಸಿ ಹೊರಟಳು.

ಕಾಡಿನೊಳಗೆ ಕಾಲಿಟ್ಟದ್ದೇ ಒಂದು ಕಾರೆಹಣ್ಣು ಕಿತ್ತು ಬಾಯಿಗೆ ಹಾಕಿಕೊಂಡಳು. ಅದೇ ಒಗರು, ಅದೇ ಸಿಹಿ. ಅವ್ವ ಬರಿಗೈಯಲ್ಲಿ ಮರಳು ತೋಡಿ ನೀರು ಬರಿಸುತ್ತಿದ್ದ ಹಳ್ಳವೂ ಅಲ್ಲೇ ಇತ್ತು. ಪಕ್ಕದ ಕೆಂಪು ಬಂಡೆಯನ್ನು ತಟ್ಟಿದಳು.

"ಯಾರದು?" ಅಂದಿತು ಒಳಗಿದ್ದ ಕಬ್ಬಿಣ.

"ನಾನು, ಆಡಿನ ತಿಮ್ಮವ್ವನ ಮಗಳು. ನಿನ್ನ ತೂಕ ಎಷ್ಟು?"

"ಕೂತು ಕೂತು ಮರೆತಿದ್ದೇನೆ ಮಗಳೇ. ಎದ್ದರೆ ಗೊತ್ತಾದೀತು. ಆದರೆ ನಾನು ಎದ್ದರೆ ಗುಡ್ಡ ಕೂರಬೇಕು. ಗುಡ್ಡ ಕೂತರೆ ಹಳ್ಳ ನಿಲ್ಲಬೇಕು. ಹಳ್ಳ ನಿಂತರೆ ಮೀನು ನಡೆಯಬೇಕು. ಮೀನಿಗೆ ಚಪ್ಪಲಿ ತಂದಿದ್ದೀಯಾ?"

"ಇಲ್ಲ."

"ಹಾಗಾದರೆ ಎಬ್ಬಿಸಬೇಡ."

ಪಾಲಕ್ಕ ಕಲ್ಲಿದ್ದಲನ್ನು ಕೇಳಿದಳು. ಅದು ಹೇಳಿತು: "ನಾನು ಮೊದಲು ಮರವಾಗಿದ್ದೆ. ನನ್ನ ಎಲೆಗಳನ್ನು ಹುಡುಕಿ ತಾ. ಅವನ್ನು ಬಿಟ್ಟು ತೂಗಿದರೆ ಅರೆ ತೂಕ."

ಗಾಳಿಯನ್ನು ಕೇಳಿದಳು. ಗಾಳಿ ಅವಳನ್ನು ಒಂದು ಸುತ್ತು ಸುತ್ತಿ ಹೇಳಿತು: "ನಿನ್ನವ್ವ ನಿನ್ನನ್ನು ಕರೆದ ಕೂಗು ಇನ್ನೂ ನನ್ನ ಹತ್ತಿರವೇ ಇದೆ. ಅದನ್ನು ಸೇರಿಸಿ ತೂಗುತ್ತೀಯೋ, ಬಿಟ್ಟು ತೂಗುತ್ತೀಯೋ?"

"ಸೇರಿಸಿ."

ಗಾಳಿ ಆ ಕೂಗನ್ನು ತಟ್ಟೆಯಲ್ಲಿಟ್ಟಿತು. 'ಪಾಲೀ, ಹೊತ್ತಾಯ್ತು ಬಾರೇ.' ತಟ್ಟೆ ದಡಕ್ಕನೆ ನೆಲಕ್ಕೆ ಬಡಿಯಿತು. ತಂದಿದ್ದ ತೂಕದ ಕಲ್ಲೆಲ್ಲ ಇನ್ನೊಂದು ತಟ್ಟೆಗೆ ಹಾಕಿದರೂ ಅದು ಮೇಲೇಳಲಿಲ್ಲ. ಪಾಲಕ್ಕ ಅಲ್ಲೇ ಕೂತು ಸೆರಗು ಒದ್ದೆಯಾಗುವವರೆಗೂ ಅತ್ತಳು. ಆಮೇಲೆ ಎದ್ದು ಅರಮನೆಗೆ ನಡೆದಳು.

"ಒಡೆಯಾ, ಬಿಡಿಬಿಡಿಯಾಗಿ ತೂಗಲು ಬರುವುದಿಲ್ಲ. ಇಡೀ ಕಾಡನ್ನು ಒಂದೇ ಸಲ ತೂಗಬೇಕು."

ದೊರೆಗೆ ಖುಷಿಯೋ ಖುಷಿ. ಮುಗಿಲಿಗೆ ಕೊಕ್ಕೆ ಹಾಕಿ ದೊಡ್ಡ ತಕ್ಕಡಿ ತೂಗುಬಿಟ್ಟರು. ಪಾಲಕ್ಕ ಕಾಡನ್ನು ಬೇರುಸಮೇತ, ಅಡಿಯ ಗುಡ್ಡಸಮೇತ, ಗಾಳಿಸಮೇತ ಒಂದು ತಟ್ಟೆಯಲ್ಲಿ ಕೂರಿಸಿದಳು. ಒಂದು ಎಲೆಯೂ ಅಲುಗಲಿಲ್ಲ. ಕಾಡು ಓರೆಯಾಗದಂತೆ ತಾನೂ ಕಾರೆಗಿಡಗಳ ನಡುವೆ ನಿಂತಳು. ಇನ್ನೊಂದು ತಟ್ಟೆಗೆ ತೂಕದ ಕಲ್ಲು ಹಾಕಿದರು, ಸಾಲಲಿಲ್ಲ. ಆನೆಗಳನ್ನು ಹತ್ತಿಸಿದರು, ಸಾಲಲಿಲ್ಲ. ಕೋಟೆ ಇಟ್ಟರು, ಪೇಟೆ ಇಟ್ಟರು, ರಾಣಿಯನ್ನೂ ಮಂತ್ರಿಯನ್ನೂ ಕೂರಿಸಿದರು, ಸಾಲಲಿಲ್ಲ. ಕೊನೆಗೆ ದೊರೆಯೇ ಹತ್ತಿ ಕೂತ. ಮುಳ್ಳು ನೆಟ್ಟಗೆ ನಿಂತಿತು.

"ಸಮ ಬಂತು. ಇನ್ನು ಅಗೆಯಿರಿ" ಅಂದ ದೊರೆ.

ಆಳೊಬ್ಬ ಕಾಡಿನಿಂದ ಒಂದೇ ಬುಟ್ಟಿ ಅದಿರು ತೆಗೆದ. ಕಾಡು ಮೇಲೇರಿತು, ರಾಜ್ಯ ಒಂದಾಳುದ್ದ ಕೆಳಗಿಳಿಯಿತು. ಕೋಟೆ ಬಿರುಕು ಬಿಟ್ಟಿತು, ದೊರೆಯ ಪೇಟ ಸಾರಿನ ಪಾತ್ರೆಗೆ ಬಿತ್ತು.

"ಹಾಕು, ಹಾಕು, ಎಲ್ಲಿತ್ತೋ ಅಲ್ಲೇ ಹಾಕು."

ಬುಟ್ಟಿ ಹಿಂದಕ್ಕೆ ಹೋಯಿತು. ಮುಳ್ಳು ಮತ್ತೆ ನೆಟ್ಟಗಾಯಿತು. ದೊರೆ ಇಳಿಯಲು ಒಂದು ಕಾಲು ಎತ್ತಿದ. ಈಗ ರಾಜ್ಯವೇ ಮುಗಿಲಿನತ್ತ ಹಾರತೊಡಗಿತು. ಬೇಗನೆ ಕಾಲನ್ನು ಒಳಗೆಳೆದುಕೊಂಡ. ಅಂದಿನಿಂದ ಕಾಡಿನಲ್ಲಿ ಮಳೆಯಾದರೆ ದೊರೆ ಎರಡು ಮುದ್ದೆ ಹೆಚ್ಚು ಉಣ್ಣಬೇಕು. ಹಳ್ಳ ಬತ್ತಿದರೆ ಉಪವಾಸ.

"ಪಾಲಕ್ಕ, ಈ ಕಡೆ ಬಾ. ನಲವತ್ತು ವರ್ಷ ನನ್ನ ಹತ್ತಿರವೇ ಇದ್ದವಳು ನೀನು" ಅಂದ ದೊರೆ, ಸಣ್ಣ ದನಿಯಲ್ಲಿ.

ಪಾಲಕ್ಕ ಗಿಡಗಳ ನಡುವಿನಿಂದ ತಲೆಯೆತ್ತಿ ನೋಡಿದಳು. "ಬರಲಾರೆ ಒಡೆಯಾ. ನಾನು ಈ ಕಡೆಯ ತೂಕದಲ್ಲಿ ಸೇರಿಹೋಗಿದ್ದೇನೆ."

ಇದರ ನೀತಿ ಏನಪ್ಪಾ ಅಂದರೆ, ದೊರೆಯಾದವನು ಉಣ್ಣಲು ಕೂರುವ ಮೊದಲು ಕಾಡಿನಲ್ಲಿ ಮಳೆಯಾಯಿತೇ ಎಂದು ಕೇಳಿಕೊಳ್ಳಬೇಕು. ನನ್ನ ಕತೆ ಇಲ್ಲಿಗೆ ಸಮ ತೂಗಿತು. ಕೇಳಿದವರು ಒಬ್ಬೊಬ್ಬರಾಗಿ, ಮೆಲ್ಲಗೆ ಇಳಿದು ಹೋಗಿ.