ಬೆನ್ನು ಬಿಚ್ಚದ ಪೆಟ್ಟಿಗೆ

"ಬುದ್ಧಿ, ಒಳಗೇನಿದೆ ಎಂದು ತೋರಿಸದವನನ್ನು ನಂಬಬಹುದೇ?" ಎಂದು ರೇವಣಸಿದ್ಧ ಗುರುಗಳನ್ನು ಕೇಳಿದ.

ಮಠದ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಶಿಷ್ಯ ಅವನು. ಓಲೆಗರಿಗಳ ಚಿತ್ರ, ಆಸ್ಪತ್ರೆಯ ರೋಗಿಗಳ ಕಡತ, ಶಾಲೆಯ ಮಕ್ಕಳ ವಿವರ, ಎಲ್ಲಕ್ಕೂ ಬೇರೆ ಬೇರೆ ಪಾಸ್‌ವರ್ಡ್. ಅವನ್ನೆಲ್ಲ ಒಂದು ಆ್ಯಪಿನಲ್ಲಿ ಕಾಪಾಡಿಕೊಂಡು ಬಂದಿದ್ದ. ಅದು ಒಳಗೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತಿಳಿದವರು ಯಾರು ಬೇಕಾದರೂ ಓದಿ ನೋಡಬಹುದಿತ್ತು. ಬಳಸುವುದು ಮಾತ್ರ ತಲೆನೋವು. ಈಗ ಒಂದು ಕಂಪನಿ ಹೊಸ ಆ್ಯಪ್ ತಂದಿತ್ತು. ಬಳಸಲು ಬಲು ಸುಲಭ. ಆದರೆ ಅದರ ಒಳಗನ್ನು ಕಂಪನಿ ಯಾರಿಗೂ ತೋರಿಸುವುದಿಲ್ಲ. ಸುತ್ತಲಿನ ಮಠಗಳೆಲ್ಲ ಆಗಲೇ ಅದಕ್ಕೆ ಬದಲಾಗಿದ್ದವು. ರೇವಣಸಿದ್ಧನಿಗೂ ಮನಸ್ಸಾಗಿತ್ತು. ಗುರುಗಳು ಹೂಂ ಎಂದರೆ ಮಧ್ಯಾಹ್ನದೊಳಗೆ ಎಲ್ಲವನ್ನೂ ಸಾಗಿಸುವವನಿದ್ದ.

ಗುರುಗಳು ಹೂಂ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಬೀಗಕ್ಕೆ ಹೆಸರಾದ ಒಂದು ಊರು. ಅಲ್ಲೊಂದು ಕಟ್ಟಳೆ. ಬೀಗ ಮಾಡಿದ ಕಮ್ಮಾರ ಅದನ್ನು ಮಾರುವ ಮೊದಲು ಸಂತೆಯಲ್ಲಿ ಕೂತು ಅದರ ಬೆನ್ನಿನ ತಗಡು ಬಿಚ್ಚಬೇಕು. ಕೊಳ್ಳುವವನು ನೋಡಬೇಕು, ಊರಿನ ಬೇರೆ ಕಮ್ಮಾರರೂ ನೋಡಬೇಕು. ಅವರಲ್ಲಿ ಅವನ ಜೊತೆ ಮಾತು ಬಿಟ್ಟವರಿದ್ದರೆ ಇನ್ನೂ ಒಳ್ಳೆಯದು, ಹುಳುಕು ಬೇಗ ಸಿಗುತ್ತದೆ. ಒಳಗೆಲ್ಲ ನೋಡಿದ ಮೇಲೂ ಬೀಗದಕೈ ಇಲ್ಲದೆ ಯಾರಿಂದಲೂ ತೆಗೆಯಲಾಗದಿದ್ದರೆ ಅದು ಬೀಗ. ತೆಗೆಯಲು ಬಂದರೆ, ಕರಗಿಸಿ ಕುಡುಗೋಲು ಮಾಡಿಕೋ ಎಂದು ಹೇಳಿ ಎದ್ದು ಹೋಗುತ್ತಿದ್ದರು.

ಆ ಊರಿಗೆ ಒಬ್ಬ ವರ್ತಕ ಕಬ್ಬಿಣದ ದೊಡ್ಡ ಪೆಟ್ಟಿಗೆಯೊಂದನ್ನು ತಂದ. ಊರವರು ತಮ್ಮ ಬೀಗದಕೈಗಳನ್ನೆಲ್ಲ ಅದರೊಳಗೆ ಹಾಕುವುದು. ಮನೆಗೊಂದು ಗುಟ್ಟಿನ ಮಾತು. ಪೆಟ್ಟಿಗೆಯ ಕಂಡಿಗೆ ಬಾಯಿಟ್ಟು ಆ ಮಾತು ಹೇಳಿದರೆ ಅವರವರ ಬೀಗದಕೈ ಹೊರಗೆ ಬೀಳುತ್ತದೆ. ಇನ್ನು ಬೀಗದಕೈ ಕಳೆಯುವ ಭಯವೇ ಇಲ್ಲ.

ಕಮ್ಮಾರರು ಪೆಟ್ಟಿಗೆಯ ಬೆನ್ನು ಬಿಚ್ಚು ಎಂದರು. ಬಿಚ್ಚಿದರೆ ಕಳ್ಳನೂ ನೋಡುತ್ತಾನೆ ಎಂದು ವರ್ತಕ ಹೇಳಿದ. ಊರಿಗೆ ಅದು ಸರಿ ಕಂಡಿತು. ಕಟ್ಟಳೆ ಹುಟ್ಟಿದ್ದೇ ಆ ಮಾತನ್ನು ಒಪ್ಪದವರಿಂದ ಎನ್ನುವುದು ಯಾರಿಗೂ ನೆನಪಾಗಲಿಲ್ಲ. ಗೌಡ ಮೊದಲು ಹಾಕಿದ, ವಾರದೊಳಗೆ ಎಲ್ಲರೂ ಹಾಕಿದರು.

ವರ್ತಕ ಒಳ್ಳೆಯವನು. ಈ ಮಾತನ್ನು ಗುರುಗಳು ಎರಡು ಸಲ ಹೇಳಿದರು. ರೇವಣಸಿದ್ಧ ತಲೆಯಾಡಿಸಿದ.

ಒಬ್ಬ ರೈತ ಹೆಂಗಸು ಮಾತ್ರ ಬಿತ್ತನೆ ಕಾಳಿನ ಕೋಣೆಯ ಬೀಗದಕೈಯನ್ನು ಸೊಂಟದಿಂದ ತೆಗೆಯಲಿಲ್ಲ. ಗೌಡ ಅವಳ ಬಾಗಿಲಿಗೇ ಬಂದ.

"ಊರಿಗೆಲ್ಲ ಒಂದು ದಾರಿ, ನಿನಗೊಂದು ದಾರಿಯೇನಮ್ಮ? ಆ ಮನುಷ್ಯನನ್ನ ಕಳ್ಳ ಅಂತೀಯಾ?"

"ಕಳ್ಳ ಅನ್ನಲಿಲ್ಲ ಗೌಡ್ರೇ. ಕಳ್ಳ ಅಲ್ಲ ಅಂತ ತಿಳ್ಕೊಳ್ಳೋಕೆ ನನಗೊಂದು ದಾರಿ ಇತ್ತು, ಅದನ್ನ ಮುಚ್ಚಿ ನಿಂತಿದಾನೆ. ಈ ಬೀಗ ಮಾಡಿದೋನು ನನ್ನ ಸ್ವಂತ ಸೋದರಮಾವ. ಅವನ ಕೈಲೂ ಬೆನ್ನು ಬಿಚ್ಚಿಸಿ ನೋಡೇ ತಂದೆ. ಮಾವನಿಗೆ ಕೊಡದ ರಿಯಾಯಿತಿ ಇವನಿಗ್ಯಾಕೆ ಕೊಡ್ಲಿ? ಬಿಚ್ಚಲಿ, ಇವತ್ತೇ ಹಾಕ್ತೀನಿ."

ವರ್ತಕ ಬಿಚ್ಚಲಿಲ್ಲ. ಅವಳೂ ಹಾಕಲಿಲ್ಲ. ಕೆಲಸಕ್ಕೆ ಕೆಲಸವೆಂದು ಅವಳ ಹೊಲಕ್ಕೆ ಮುಯ್ಯಾಳು ಹೋಗುವುದನ್ನು ಊರು ನಿಲ್ಲಿಸಿತು. ಒಬ್ಬಳೇ ಕಳೆ ಕಿತ್ತಳು, ಒಬ್ಬಳೇ ಕೊಯ್ದಳು. ಒಮ್ಮೆ ಬೀಗದಕೈ ಕಳೆದುಕೊಂಡು ಎರಡು ದಿನ ತಿಪ್ಪೆ ಕೆದಕಿದಳು. ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅವಳಿಗೆ ಅಳು ಬಂದಿತ್ತು. ಆದರೂ ಸಿಕ್ಕ ಬೀಗದಕೈಯನ್ನು ತೊಳೆದು ಮತ್ತೆ ಸೊಂಟಕ್ಕೇ ಸಿಕ್ಕಿಸಿಕೊಂಡಳು.

ಮೂರು ವರ್ಷ ಪೆಟ್ಟಿಗೆ ಚೆನ್ನಾಗಿಯೇ ನಡೆಯಿತು. ನಾಲ್ಕನೆಯ ವರ್ಷ ವರ್ತಕ ಅದನ್ನು ಇನ್ನೊಬ್ಬನಿಗೆ ಮಾರಿ ದೇಶಾಂತರ ಹೋದ. ಆ ಮುಂಗಾರಿನಲ್ಲಿ ಹದ ಮಳೆ ಬಿತ್ತು. ಜನ ಬಿತ್ತನೆ ಕಾಳು ತೆಗೆಯಲೆಂದು ಪೆಟ್ಟಿಗೆಯ ಮುಂದೆ ಸಾಲು ನಿಂತರು. ಹೇಳಿದ ಮಾತನ್ನೇ ಹತ್ತು ಸಲ ಹೇಳಿದರು. ಒಂದು ಬೀಗದಕೈಯೂ ಬೀಳಲಿಲ್ಲ. ಕೊಂಡವನನ್ನು ಕೇಳಿದರೆ, ಒಳಗೇನಿದೆಯೋ ನನಗೂ ತೋರಿಸಿರಲಿಲ್ಲ ಎಂದ. ಕಮ್ಮಾರರು ಮೂರು ದಿನ ಸುತ್ತಿಗೆ ಹಿಡಿದು ಅದರ ಸುತ್ತ ಕೂತರು, ಬಡಿದರೂ ಆ ದಪ್ಪ ಕಬ್ಬಿಣ ಬಿರಿಯಲಿಲ್ಲ. ಎಂದೂ ಕಾಣದ ಒಳಗನ್ನು ರಿಪೇರಿ ಮಾಡುವುದು ಹೇಗೆ? ಬಾಗಿಲು ಒಡೆಯೋಣವೆಂದರೆ ಬೀಗಗಳು ಆ ಊರಿನ ಬೀಗಗಳು, ಜಗ್ಗಲಿಲ್ಲ. ಕೊನೆಗೆ ಜನ ತಮ್ಮ ಮನೆಗೆ ತಾವೇ ಕನ್ನ ಕೊರೆಯತೊಡಗಿದರು. ಕಲ್ಲಿನ ಗೋಡೆ. ನೆಲದ ಹದ ಆರುತ್ತಾ ಬಂತು.

ಗೌಡ ತಲೆ ತಗ್ಗಿಸಿಕೊಂಡು ಆ ಹೆಂಗಸಿನ ಬಾಗಿಲಿಗೆ ಬಂದ. ಅವಳು ಬೀಗ ತೆಗೆದು ಕಾಳಿನ ಚೀಲಗಳನ್ನು ಹೊರಗೆಳೆದಳು.

"ಬಾಯಿ ಬಿಚ್ಚಿ ನೋಡ್ಕೊಳ್ಳಿ ಗೌಡ್ರೇ, ಹುಳ ಹಿಡಿದಿದೆಯೋ ಏನೋ."

"ನಿನ್ನ ಮೇಲೆ ನಂಬಿಕೆ ಇದೆ ತಾಯಿ."

"ನಂಬಿಕೆ ಆಮೇಲೆ. ಮೊದಲು ನೋಡಿ."

ಅವನು ಮುಷ್ಟಿ ತುಂಬಾ ಕಾಳು ತೆಗೆದು ಬಿಸಿಲಿಗೆ ಹಿಡಿದು ನೋಡುವವರೆಗೆ ಅವಳು ಚೀಲದ ಮೇಲಿನ ಕೈ ತೆಗೆಯಲಿಲ್ಲ. ಆ ಕಾಳು ಅರ್ಧ ಊರಿಗೆ ಬಂತು. ಉಳಿದರ್ಧ ಆ ವರ್ಷ ಬೀಳು ಬಿತ್ತು.

ಗುರುಗಳು ಕತೆ ನಿಲ್ಲಿಸಿದರು. ರೇವಣಸಿದ್ಧನಿಗೆ ಹೊಸ ಆ್ಯಪಿನ ಆಸೆ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ.

"ಬುದ್ಧಿ, ಕೆಟ್ಟದ್ದೆಲ್ಲ ಆದದ್ದು ವರ್ತಕ ಹೋದ ಮೇಲೆ. ಅವನು ಇದ್ದಷ್ಟು ದಿನ ಏನೂ ಆಗಲಿಲ್ಲ. ಅವನಂಥ ಒಳ್ಳೆಯವನನ್ನೇ ಹುಡುಕಿ ನಂಬಿದರೆ ತಪ್ಪೇನು?"

"ಅವನು ಒಳ್ಳೆಯವನೆಂದು ನಾನು ಹೇಳಿದೆ, ನೀನು ತಲೆಯಾಡಿಸಿದೆ, ಬೆನ್ನು ಬಿಚ್ಚಿ ನೋಡಿದೆಯಾ?" ಎಂದರು ಗುರುಗಳು.